ಹತ್ತಿಕಾಳು ಎಸೆದು ಕರೆಯುವುದು

ಬೈಲಹೊಂಗಲದ ಆ ಹತ್ತಿ ಮಿಲ್ಲಿನಲ್ಲಿ ಯಂತ್ರಗಳು ನಡೆಯುವಾಗ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಎಲ್ಲರೂ ಕೈಸನ್ನೆಯಲ್ಲೇ ಮಾತಾಡುತ್ತಾರೆ. ಸಿರಸಂಗಿ ಕಡೆಯ ಕಿವುಡ ಯುವಕನೊಬ್ಬನಿಗೆ ನಾನು ಅಲ್ಲಿ ಕೆಲಸ ಹುಡುಕಿದ್ದು ಅದೇ ಕಾರಣಕ್ಕೆ. ಅಂಗವಿಕಲರಿಗೆ ಕೆಲಸ ಕೊಡಿಸುವುದು, ಕೊಡಿಸಿದ ಮೇಲೆ ಅದು ಉಳಿಯುವಂತೆ ಆಗಾಗ ಹೋಗಿ ನೋಡುವುದು ನನ್ನ ಉದ್ಯೋಗ. ಅದಕ್ಕೆ ಮೊದಲು ಕಿತ್ತೂರಿನ ಒಂದು ಬೇಕರಿಯಲ್ಲಿ, ಸವದತ್ತಿಯ ಒಂದು ಗ್ಯಾರೇಜಿನಲ್ಲಿ ಅವನನ್ನು ಕೆಲಸದಿಂದ ಬಿಡಿಸಿದ್ದರು. ಕರೆದರೆ ಬರುವುದಿಲ್ಲ ಎಂಬುದು ಎರಡೂ ಕಡೆಯ ದೂರು. ಹೆಂಡತಿ ಬಸುರಿ. ಈ ಕೆಲಸವೂ ಹೋದರೆ ಅವನನ್ನು ಇನ್ನು ಯಾರ ಮುಂದೆ ಕರೆದುಕೊಂಡು ಹೋಗಿ ನಿಲ್ಲಿಸುವುದೆಂದು ನನಗೆ ಗೊತ್ತಿರಲಿಲ್ಲ.

ಯಂತ್ರಕ್ಕೆ ಹತ್ತಿ ತುಂಬುವಾಗ ಅವನ ಬೆನ್ನು ಎಲ್ಲರ ಕಡೆಗಿರುತ್ತಿತ್ತು. ಕರೆಯಬೇಕಾದವರು ನಾಲ್ಕು ಹತ್ತಿಕಾಳನ್ನು ಅವನ ಬೆನ್ನಿಗೆ ಎಸೆಯುವುದು ರೂಢಿಯಾಯಿತು. ಕಾಳು ತಾಗಿದರೆ ತಿರುಗುತ್ತಿದ್ದ. ಬರಬರುತ್ತ ಅದು ಆಟವಾಯಿತು. ಅವನು ತಿರುಗಿದಾಗ ಎಸೆದವನೇ ಪಕ್ಕದವನ ಕಡೆ ಬೆರಳು ತೋರಿಸಬೇಕು, ಅದು ಆಟ. ಮೊದಮೊದಲು ಅವನೂ ನಕ್ಕ. ಆಮೇಲೆ ಕಾಳಿನ ಬದಲು ಮಣ್ಣಿನ ಹೆಂಟೆಗಳು ಬಂದವು.

“ಒಗೀಬ್ಯಾಡ್ರಿ. ಮುಂದ ಬಂದು ಕೈ ಮಾಡಿ ಕರೀರಿ,” ಎಂದು ಕೂಲಿಯವರ ಮುಕಾದಮನಿಗೆ ಹೇಳಿದ್ದೆ.

“ಕೆಪ್ಪನ ಬೆನ್ನಾಗ ಎರಡ ಕಣ್ಣ ಹಚ್ಚಿಕೊಡ್ರಿ ಅಕ್ಕಾರ, ಒಗಿಯೂದ ಬಿಡತೇನಿ,” ಎಂದಿದ್ದ. ಸುತ್ತಲಿದ್ದವರು ನಕ್ಕಿದ್ದರು.

ಒಂದು ದಿನ ನಾನು ಮಿಲ್ಲಿನ ಬಾಗಿಲಲ್ಲಿದ್ದೆ. ಮುಕಾದಮ ಸಾಮಾನಿನ ಡಬ್ಬಿಯಿಂದ ಒಂದು ಕಬ್ಬಿಣದ ನಟ್ಟು ತೆಗೆದ. ಕಾಳು ಎಸೆಯುವ ಹಾಗೆ ಎಸೆಯಲಿಲ್ಲ. ತೋಳನ್ನು ಪೂರ್ತಿ ಹಿಂದಕ್ಕೆಳೆದು ಬೀಸಿದ. ಅದು ಯುವಕನ ಬಲಗಿವಿಯ ಹಿಂದೆ ಬಡಿಯಿತು. ಅವನ ಕೈ ಅಲ್ಲಿಗೆ ಹೋಗಿ ಕೆಂಪಾಗಿ ವಾಪಸು ಬಂತು. ಅವನು ತಿರುಗಿದ.

ಎದುರಿಗಿದ್ದವನು ಅರಳೆಯನ್ನು ಒತ್ತಿ ಮೂಟೆ ಮಾಡುವ, ರಾಮದುರ್ಗದ ಬೇಲ್ ಕಟ್ಟುವವ. ದಿನಾ ಯುವಕನ ಜೊತೆ ಕುಳಿತು ಬುತ್ತಿ ಬಿಚ್ಚುತ್ತಿದ್ದವನು ಇವನೊಬ್ಬನೇ. ಆಗ ಇವನು ನಗುತ್ತಿರಲಿಲ್ಲ. ಮುಕಾದಮನ ಕಡೆ ಬೆರಳು ತೋರಿಸಿದ. ತೋರಿಸಿದ್ದು ನಿಜವಾಗಿ ಎಸೆದವನನ್ನೇ. ಆದರೆ ಆ ಆಟದಲ್ಲಿ ಬೆರಳು ತೋರಿಸುವವನೇ ಎಸೆದವನು.

ಯುವಕ ಬೇಲ್ ಎಳೆಯುವ ಕೊಕ್ಕೆ ಎತ್ತಿಕೊಂಡ. ನಾನು ಕೂಗಿದೆ. ನನ್ನ ಎಡಗಾಲಿಗೆ ಆಸರೆಯ ಕ್ಯಾಲಿಪರ್ ಕಟ್ಟಿದೆ, ಓಡಲಾರೆ. ಮೊದಲ ಏಟು ಬೇಲ್ ಕಟ್ಟುವವ ಅಡ್ಡ ಹಿಡಿದ ಮುಂಗೈಗೆ ಬಿತ್ತು. ಮೂಳೆ ಇರಬೇಕಾದ ಜಾಗದಲ್ಲಿ ಕೈ ಬಾಗಿತು. ಎರಡನೆಯದು ಕೆನ್ನೆಯನ್ನು ಸೀಳಿತು. ಅರಳೆಯ ಮೇಲೆ ರಕ್ತ ಹರಿಯಲಿಲ್ಲ, ಬಿದ್ದಲ್ಲೇ ಇಂಗಿತು. ಮೂರನೆಯ ಏಟಿಗೆ ಮೊದಲೇ ಉಳಿದವರೆಲ್ಲ ಯುವಕನ ಮೇಲೆ ಬಿದ್ದು ಕೆಡವಿ ಹೊಟ್ಟೆಗೆ, ಮುಖಕ್ಕೆ ಒದ್ದರು. ಅವರಲ್ಲಿ ಮುಕಾದಮನೂ ಇದ್ದ. ಯಾರೋ ಯಂತ್ರ ನಿಲ್ಲಿಸಿದಾಗಲೇ ನನಗೆ ಯುವಕನ ದನಿ ಕೇಳಿಸಿದ್ದು. ಅಷ್ಟು ಹೊತ್ತೂ ಅವನು ಕಿರುಚುತ್ತಲೇ ಇದ್ದನೆಂದು ಕಾಣುತ್ತದೆ.

ಬೇಲ್ ಕಟ್ಟುವವನನ್ನು ಆಟೋದಲ್ಲಿ ಆಸ್ಪತ್ರೆಗೆ ಕಳಿಸಿದ ಮೇಲೆ ಮಿಲ್ಲಿನ ಸಾವಕಾರರು ನನ್ನನ್ನೂ ಯುವಕನನ್ನೂ ತಮ್ಮ ಕೋಣೆಯೊಳಗೆ ಕರೆದರು.

“ಕೆಲಸಾ ನೀವು ಕೊಡಸ್ತೀರಿ, ಕೈಕಾಲು ನಮ್ಮ ಮಂದಿ ಮುರಸ್ಕೋಬೇಕೇನು? ಈಗಿಂದೀಗ ಅಂವನ್ನ ಕರಕೊಂಡ ಹೋಗ್ರಿ.”

“ಮೊದಲ ಒಗದವರು ಯಾರಂತ ಕೇಳ್ರಿ,” ಎಂದೆ.

ಅವರು ಬಾಗಿಲಲ್ಲಿ ನಿಂತ ಕೂಲಿಯವರ ಕಡೆ ನೋಡಿದರು. “ಯಾರಲೇ?”

“ನಾವು ನೋಡಿಲ್ರಿ,” ಎಂದ ಒಬ್ಬ.

“ನಾ ನೋಡೇನ್ರಿ,” ಎಂದೆ. “ಮುಕಾದಮ ಒಗದಾನ. ಕಾಳಲ್ಲ, ನಟ್ಟು. ಪೊಲೀಸರು ಕೇಳಿದ್ರ ಅವರ ಮುಂದೂ ಇದನ್ನ ಹೇಳತೇನಿ.”

“ಆಟಾ ಆಡಿದ್ದು ಸಾವಕಾರ್ರ, ದಿನಾ ಆಡತೇವಿ,” ಎಂದ ಮುಕಾದಮ. ತಾನು ಒಪ್ಪಿಕೊಂಡೆನೆಂದು ಅವನಿಗೆ ತಿಳಿಯಲಿಲ್ಲ. ಸಾವಕಾರರಿಗೆ ತಿಳಿಯಿತು.

“ಇಬ್ಬರೂ ಇರ್ಲಿ,” ಎಂದರು. “ಈ ಮುಕಾದಮ ಹೋದ್ರ ಕೂಲಿಯವರೆಲ್ಲಾ ಹೋಗ್ತಾರ. ಪೊಲೀಸ್ರು ಮಾತ್ರ ನನ್ನ ಮಿಲ್ಲಿಗೆ ಬ್ಯಾಡ.”

ಎಸೆದವರು ಯಾರೆಂದು ಯುವಕನಿಗೆ ನಾನೇ ಸನ್ನೆಯಲ್ಲಿ ಹೇಳಿದೆ. ಅವನು ಎರಡು ಸಲ ಹೇಳಿಸಿಕೊಂಡ. ಆಮೇಲೆ ತನ್ನ ಒಡೆದ ಬಾಯಿಯ ಮೇಲೆ ತಾನೇ ಹೊಡೆದುಕೊಳ್ಳತೊಡಗಿದ. ಮಣಿಕಟ್ಟು ಹಿಡಿದು ನಿಲ್ಲಿಸಬೇಕಾಯಿತು.

ಕೆಲಸಕ್ಕೆ ಮರಳಲು ಅವನು ಕೇಳಿದ್ದು ಒಂದೇ. ಸಾಲಿನ ಕೊನೆಯ ಯಂತ್ರವನ್ನು ಗೋಡೆಯ ಕಡೆಯಿಂದಲೂ ತುಂಬಬಹುದು. ತನಗೆ ಆ ಜಾಗ ಬೇಕು, ಬೆನ್ನ ಹಿಂದೆ ಗೋಡೆ ಇರಬೇಕು. ಸಾವಕಾರರು ಒಪ್ಪಿದರು. ನಾನು ಮೊದಲ ದಿನವೇ ಕೇಳಿ ಕೊಡಿಸಬಹುದಾದ ಜಾಗ ಅದು.

ಕೆಲಸ ಉಳಿದಿದೆ. ಹೆಣ್ಣು ಮಗು ಹುಟ್ಟಿದೆ. ಬೇಲ್ ಕಟ್ಟುವವ ಕೈ ಕೂಡಿದ ಮೇಲೆ ಮರಳಿ ಬಂದ. ಅವನು ಈಗ ಬುತ್ತಿ ಬಿಚ್ಚುವುದು ಹೊರಗೆ, ಲಾರಿಯ ನೆರಳಿನಲ್ಲಿ. ಯುವಕ ಮಾಡಿದ ಕ್ಷಮೆಯ ಸನ್ನೆಯನ್ನು ಅವನು ನೋಡಿದ್ದಾನೆ. ಉತ್ತರ ಕೊಟ್ಟಿಲ್ಲ.

ನಾನು ಹೋದಾಗಲೆಲ್ಲ ಯುವಕ ಗೋಡೆಗೆ ಬೆನ್ನು ಕೊಟ್ಟು ಹತ್ತಿ ತುಂಬುತ್ತಿರುತ್ತಾನೆ. ಯಾರೇ ಒಳಗೆ ಬಂದರೂ ಮೊದಲು ಅವರ ಕೈ ನೋಡುತ್ತಾನೆ, ಮುಖ ಆಮೇಲೆ. ನನ್ನನ್ನೂ ಹಾಗೆಯೇ ನೋಡುತ್ತಾನೆ.