ಶಾಲೆಯ ಒಲೆ ಹೊತ್ತಿಸಿದ ದೊಡ್ಡವ್ವ

ಮೊನ್ನೆ ಗಜೇಂದ್ರಗಡದ ಬಸ್‌ಸ್ಟ್ಯಾಂಡಿನಲ್ಲಿ ನರಗುಂದದ ಬಸ್ಸಿಗೆ ಕಾಯುತ್ತ ಕುಳಿತಿದ್ದೆ. ಪಕ್ಕದಲ್ಲಿದ್ದ ಹೆಣ್ಣುಮಗಳು ಬುತ್ತಿ ಬಿಚ್ಚಿದಳು. ಕಡಕ್ ರೊಟ್ಟಿ, ಶೇಂಗಾ ಹಿಂಡಿ. ಆ ಹಿಂಡಿಯ ಬೆಳ್ಳುಳ್ಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಮೊದಲು ಶಾಲೆಯ ಶಿಕ್ಷಕಿಯಾಗಿ ನೌಕರಿಗೆ ಸೇರಿದ ಊರಿನ ದೊಡ್ಡವ್ವ ನೆನಪಾದಳು...

ದೊಡ್ಡವ್ವ ಅಲ್ಲಿಯ ಮಹಿಳಾ ಸಂಘದ ಅಧ್ಯಕ್ಷೆ. ನನಗೆ ಸಂಬಂಧಿಕಳೇನಲ್ಲ. ಊರಿಗೆಲ್ಲ ದೊಡ್ಡವ್ವ, ಹಾಗಾಗಿ ನನಗೂ. ಸಂಘದ ಹೆಂಗಸರು ಮನೆಮನೆಯಲ್ಲಿ ರೊಟ್ಟಿ ಬಡಿದು ಗಜೇಂದ್ರಗಡದ ಖಾನಾವಳಿಗಳಿಗೆ ಕೊಡುತ್ತಿದ್ದರು. ದೊಡ್ಡವ್ವನದು ನಗು ಕಡಿಮೆ, ಮಾತು ಖಾರ. ಅವಳ ಮುಂದೆ ನಮ್ಮ ಹೆಡ್‌ಮಾಸ್ತರೂ ದನಿ ತಗ್ಗಿಸಿಯೇ ಮಾತಾಡುತ್ತಿದ್ದರು.

ದೀಪಾವಳಿ ಮುಗಿಯಿತೆಂದರೆ ಆ ಊರಿನ ಎಷ್ಟೋ ಮನೆಗಳಿಗೆ ಕೀಲಿ ಬೀಳುತ್ತಿತ್ತು. ಗೋವಾಕ್ಕೆ, ಮಂಗಳೂರಿಗೆ ದುಡಿಯಲು ಹೋಗುವವರು ಮಕ್ಕಳನ್ನೂ ಕರೆದುಕೊಂಡು ಹೋಗುತ್ತಿದ್ದರು. ಯುಗಾದಿಗೆ ತಿರುಗಿ ಬರುವಷ್ಟರಲ್ಲಿ ಮಕ್ಕಳಿಗೆ ಮಗ್ಗಿ ಮರೆತಿರುತ್ತಿತ್ತು, ಶಾಲೆಯೆಂದರೆ ನಾಚಿಕೆ. ಕೆಲವರು ಮತ್ತೆ ಬರುತ್ತಲೇ ಇರಲಿಲ್ಲ. ಆ ವರ್ಷ ನನ್ನ ಆರನೇ ತರಗತಿಯ ಒಬ್ಬ ಹುಡುಗಿಯೂ ಹೊರಟು ನಿಂತಿದ್ದಳು. ಕೇಳಿದ್ದಕ್ಕೆಲ್ಲ ಮೊದಲು ಕೈ ಎತ್ತುವವಳು. ಹೋದರೆ ಅವಳ ಓದು ಅಲ್ಲಿಗೆ ಮುಗಿಯಿತು ಎಂದು ನನಗೆ ಖಾತ್ರಿಯಿತ್ತು. ಸಂಕಟವಾಗುತ್ತಿತ್ತು.

ಮಧ್ಯಾಹ್ನದ ಊಟ ಶಾಲೆಯಲ್ಲೇ ಇತ್ತು. ರಾತ್ರಿಯ ಊಟವನ್ನೂ ಮಲಗುವ ಜಾಗವನ್ನೂ ಊರವರು ನೋಡಿಕೊಂಡರೆ ಮಕ್ಕಳು ಉಳಿಯುತ್ತಾರೆ ಎಂಬುದು ಹೆಡ್‌ಮಾಸ್ತರ ವಿಚಾರ. ಮಹಿಳಾ ಸಂಘ, ಭಜನಾ ಮಂಡಳಿ, ತರುಣ ಸಂಘ, ಎಲ್ಲರನ್ನೂ ಸಭೆಗೆ ಕರೆದರು. ಕುರ್ಚಿ ಹಾಕಿಸಿ, ಶಾಲು ಹೊದಿಸಿ, ಚಹಾ ಚೂಡಾ ಕೊಟ್ಟೆವು. ಭಾಷಣವೂ ಚೆನ್ನಾಗಿಯೇ ಇತ್ತು. ಎಲ್ಲರೂ ಗೋಣು ಹಾಕಿದರು. ಆಮೇಲೆ ಒಂದು ನರಪಿಳ್ಳೆಯೂ ಶಾಲೆಯ ಕಡೆ ಸುಳಿಯಲಿಲ್ಲ.

ಹೆಡ್‌ಮಾಸ್ತರು ನನ್ನನ್ನೂ ಕರೆದುಕೊಂಡು ದೊಡ್ಡವ್ವನ ಮನೆಗೆ ಹೋದರು. ಅವಳು ಹಿಟ್ಟು ನಾದುತ್ತಿದ್ದಳು, ಏಳಲಿಲ್ಲ.

"ಶಾಲು ಹೊಚ್ಚಿ ನಮ್ಮನ್ನ ಬೀಗರನ್ನ ಮಾಡಿ ಕುಂದರಿಸಿದ್ರಿ, ಮಾಸ್ತರ. ಬೀಗರ ಕಡಿಂದ ಯಾರರ ಕೆಲಸಾ ಮಾಡಸ್ತಾರೇನ್ರಿ?"

ಮಾತು ಖರೆ. ನಮ್ಮ ಕಡೆ ಮನೆಗೆ ಬಂದ ಬೀಗರು ತಾವು ಕುಡಿದ ಲೋಟ ಎತ್ತಿಟ್ಟರೂ ಮನೆಯವರಿಗೆ ಅವಮಾನ. ಹೆಡ್‌ಮಾಸ್ತರು ನಕ್ಕು, ನೆಲದ ಮೇಲೆ ಕೂತು, ಈಗೇನು ಮಾಡೋಣ ಎಂದು ಕೇಳಿದರು. ಅವಳು ಆಗಲೇ ಎಲ್ಲ ಯೋಚಿಸಿ ಇಟ್ಟಿದ್ದಳು ಅನಿಸುತ್ತದೆ. ಸಂಜೆ ಶಾಲೆಯ ಅಡುಗೆ ಕೋಣೆ ತಮಗೆ ಬಿಟ್ಟುಕೊಡಬೇಕು. ಬೇರೆ ಬೇರೆ ಬಡಿಯುವ ರೊಟ್ಟಿಯನ್ನು ಎಲ್ಲರೂ ಅಲ್ಲೇ ಕೂಡಿ ಬಡಿಯುತ್ತಾರೆ. ಮಕ್ಕಳು ಪಕ್ಕದಲ್ಲಿ ಓದಿಕೊಂಡು ಬಿಸಿ ರೊಟ್ಟಿ ತಿನ್ನಲಿ. ಹುಡುಗಿಯರು ಸಂಘದವರ ಮನೆಗಳಲ್ಲಿ, ಹುಡುಗರು ಗುಡಿಯಲ್ಲಿ ಮಲಗಲಿ. ಭಜನೆಯ ಹಿರಿಯರು ಹೇಗೂ ಅಲ್ಲೇ ಮಲಗುತ್ತಾರೆ. ಕಟ್ಟಿಗೆ ತರುವುದು ತರುಣ ಸಂಘದವರ ಪಾಲು. ಮೇಲಿನವರು ಕೇಳಿದರೆ ಏನು ಹೇಳುವುದೆಂದು ಹೆಡ್‌ಮಾಸ್ತರು ತಲೆ ಕೆರೆದುಕೊಂಡರು. ಆದರೂ ಅಡುಗೆ ಕೋಣೆಯ ಕೀಲಿ ಕೊಟ್ಟರು. ಮಾರನೆಯ ಸಂಜೆಯೇ ಒಲೆ ಹೊತ್ತಿತು.

ಆ ಹುಡುಗಿಯ ತಾಯಿ ಮಾತ್ರ ಒಪ್ಪಲಿಲ್ಲ. ಹಟ ಮಾಡಿದರೆ, ರಾತ್ರಿ ಜ್ವರ ಬಂದರೆ ಯಾರು ನೋಡುವವರು ಎಂದು ಅಂಗಳದಲ್ಲೇ ನಿಂತು ಕೇಳಿದಳು. ಕೇಳಬೇಕಾದ್ದೇ.

"ನನ್ನ ಮಗ್ಗಲದಾಗ ಮಲಗತಾಳ," ಎಂದಳು ದೊಡ್ಡವ್ವ. "ನೀ ದುಡದ ಬಾ, ಹೋಗ."

ತಾಯಿ ಕಣ್ಣೊರೆಸಿಕೊಂಡು ಹೋದಳು. ಹುಡುಗಿ ಮೊದಮೊದಲು ಅತ್ತಳು. ಬರಬರುತ್ತ ದೊಡ್ಡವ್ವನ ಸೆರಗು ಹಿಡಿದು ಓಡಾಡತೊಡಗಿದಳು. ಊರಿನ ಸಂಘಗಳವರು ಹೇಳಿಕಳಿಸದೆಯೇ ಶಾಲೆಗೆ ಬರತೊಡಗಿದ್ದು ಆ ಚಳಿಗಾಲದಲ್ಲೇ. ಯಾರಿಗೂ ಕುರ್ಚಿ ಹಾಕುತ್ತಿರಲಿಲ್ಲ, ಯಾರೂ ಕೇಳುತ್ತಲೂ ಇರಲಿಲ್ಲ.

ಯುಗಾದಿಗೆ ತಾಯಿ ಬಂದಳು. ಹುಡುಗಿ ಓಡಿ ಹೋಗುತ್ತಾಳೆಂದು ನಾವೆಲ್ಲ ನೋಡುತ್ತಿದ್ದರೆ, ಅವಳು ದೊಡ್ಡವ್ವನ ಬೆನ್ನ ಹಿಂದೆ ಅಡಗಿದಳು. ತಾಯಿಯ ಮುಖ ಬಾಡಿತು. ದೊಡ್ಡವ್ವ ಸೆರಗಿನಿಂದ ಹುಡುಗಿಯ ಕೈ ಬಿಡಿಸಿ, ತಾಯಿಯ ಕಡೆ ನೂಕಿ, ಅಡುಗೆ ಕೋಣೆಗೆ ಹೋಗಿಬಿಟ್ಟಳು. ಹುಡುಗಿ ಆ ಶಾಲೆ ಮುಗಿಸುವವರೆಗೂ ಪ್ರತಿ ವರ್ಷ ಹೀಗೇ ನಡೆಯಿತು... ಅಷ್ಟರಲ್ಲಿ ನನಗೆ ನರಗುಂದದ ಕಡೆ ವರ್ಗವಾಯಿತು.

ಬಸ್‌ಸ್ಟ್ಯಾಂಡಿನ ಹೆಣ್ಣುಮಗಳು ನನ್ನನ್ನೇ ನೋಡುತ್ತಿದ್ದವಳು, ನೀವು ನಮ್ಮೂರ ಸಾಲಿಯ ಅಕ್ಕೋರಲ್ಲವೇ ಎಂದಳು. ಅದೇ ಸಂಘದವಳು. ದೊಡ್ಡವ್ವ ಹೇಗಿದ್ದಾಳೆ ಎಂದು ಕೇಳಿದೆ. ಶ್ರಾವಣದಲ್ಲೇ ತೀರಿಕೊಂಡಳಂತೆ.

ಮಣ್ಣಿಗೆ ಒಯ್ಯುವ ಮುನ್ನ ಮಗಳು ಬರುವ ತನಕ ಕಾಯುವುದು ನಮ್ಮಲ್ಲಿ ರೂಢಿ. ದೊಡ್ಡವ್ವನಿಗೆ ಇದ್ದವರು ಗಂಡುಮಕ್ಕಳೇ. ಎಲ್ಲರೂ ಬಂದಾಯಿತು, ಇನ್ನು ಎತ್ತೋಣ ಎಂದರಂತೆ. ಆಗ ಆ ಹುಡುಗಿಯ ತಾಯಿ ಬಾಗಿಲಿಗೆ ಅಡ್ಡ ನಿಂತಳಂತೆ.

"ತಡೀರಿ. ಆಕಿ ಮಗಳು ಧಾರವಾಡದಿಂದ ಬರಾಕತ್ತಾಳ."

ಊರೆಲ್ಲ ಕಾಯಿತಂತೆ.

ನನ್ನ ಬಸ್ಸು ಬಂತು. ಹತ್ತಿ ಕುಳಿತೆ, ಅಳು ತಡೆಯಲಾಗಲಿಲ್ಲ. ಯಾಕ್ರೀ ಎಂದು ಪಕ್ಕದ ಸೀಟಿನವರು ಕೇಳಿದರು. ನಮ್ಮ ದೊಡ್ಡವ್ವ ಹೋದಳು ಎಂದೆ.