ಅಂಚು ಕರಗಿಸಿ ಹಾಕಿದ ಅಕ್ಷತೆ

ಮದುವೆ ವಿಡಿಯೋ ಎಡಿಟ್ ಮಾಡುವವರನ್ನು ಯಾರೂ ಊಟಕ್ಕೆ ಕರೆಯುವುದಿಲ್ಲ. ಕ್ಯಾಮೆರಾದವನಿಗೆ ಹೋಳಿಗೆ, ನನಗೆ ಬೈಗುಳ. ಆದರೆ ಪೀಣ್ಯದ ಆ ಬೀಗರೂಟದಲ್ಲಿ ನಾನು ಮುಂದಿನ ಸಾಲಿನಲ್ಲೇ ಕೂತಿದ್ದೆ.

ಹುಡುಗಿಯ ಅಪ್ಪ ಕಾರ್ಖಾನೆಯಿಂದ ನಿವೃತ್ತರಾದವರು. ಮದುವೆ ಹತ್ತಿರ ಬಂದಾಗ ಜಾರಿ ಬಿದ್ದು, ಕಾಲು ಮುರಿದುಕೊಂಡು ಆಸ್ಪತ್ರೆ ಸೇರಿದರು. ಧಾರೆಯನ್ನು ಚಿಕ್ಕಪ್ಪ ಎರೆದರು. ಮಗಳ ತಲೆ ಮೇಲೆ ತಾನೊಂದು ಕಾಳು ಅಕ್ಷತೆ ಹಾಕಲಿಲ್ಲವಲ್ಲ ಎಂಬುದೇ ಅಪ್ಪನ ಕೊರಗು. ಅವರು ಚೇತರಿಸಿಕೊಳ್ಳಲಿ ಎಂದು ಬೀಗರೂಟವನ್ನು ಮುಂದೂಡಿದ್ದರು. ಅಂದು ತೋರಿಸುವ ವಿಡಿಯೋದಲ್ಲಾದರೂ ಅವರಿರಲಿ ಎಂದು ಅವರ ಹೆಂಡತಿ ನನ್ನ ಬಳಿ ಬಂದರು.

ನಾನು ಅವರ ಫೋಟೋದ ಅಂಚನ್ನೆಲ್ಲ ಕರಗಿಸಿ, ಮಂಟಪದ ಮೇಲಿನ ಮೂಲೆಯಲ್ಲಿ ತೇಲಿಬಿಟ್ಟೆ. ನೋಡಿದ್ದೇ ತಡ, ಆಕೆ ಕುರ್ಚಿಯಿಂದ ಎದ್ದರು.

"ಏನಮ್ಮಾ ಇದು! ನಮ್ಮ ಯಜಮಾನ್ರು ಗಟ್ಟಿಮುಟ್ಟಾಗಿದಾರೆ! ಹಿಂಗ್ ಹಾಕೋದು ತೀರ್ಕೊಂಡೋರನ್ನ!"

ನಿಜವೇ. ನಮ್ಮ ಮದುವೆ ವಿಡಿಯೋಗಳಲ್ಲಿ ಹಾಗೆ ಮೇಲೆ ತೇಲುವವರೆಲ್ಲ ಸ್ವರ್ಗಸ್ಥರೇ. ಅಭ್ಯಾಸಬಲದಿಂದ ಜೀವಂತ ಮನುಷ್ಯನನ್ನು ಮೇಲಕ್ಕೆ ಕಳಿಸಿಬಿಟ್ಟಿದ್ದೆ. ಸೋಲೆಂದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಕ್ಯಾಮೆರಾ ಹೊತ್ತು ಅವರ ಮನೆಗೇ ಹೋದೆ. ಮಂಟಪದ ದೃಶ್ಯದಲ್ಲಿ ಆ ತಾಯಿಯ ಪಕ್ಕ, ಎಡ ತುದಿಯಲ್ಲಿ ಖಾಲಿ ಜಾಗವಿತ್ತು, ಹಿಂದೆ ಬರೀ ಕೆಂಪು ಪರದೆ. ಅಂಥದ್ದೇ ಬಟ್ಟೆಯನ್ನು ಗೋಡೆಗೆ ಕಟ್ಟಿಸಿ, ಯಜಮಾನರಿಗೆ ರೇಷ್ಮೆ ಶಲ್ಯ ಹೊದಿಸಿ ಕೂರಿಸಿದೆ.

"ಸಾರ್, ಮಗಳು ಅಲ್ಲಿದಾಳೆ ಅಂದ್ಕೊಂಡು ಹಾಕಿ."

"ಗಾಳಿಗೆ ಅಕ್ಷತೆ ಹಾಕಿಸ್ತೀಯಲ್ಲಮ್ಮ" ಎಂದು ಗೊಣಗುತ್ತಲೇ ಹಾಕಿದರು.

ಆಮೇಲೆ ಅವರ ದೃಶ್ಯವನ್ನು ಮಂಟಪದ ದೃಶ್ಯದ ಮೇಲಿಟ್ಟು ಗ್ರೇಡಿಯೆಂಟ್ ಎಳೆದೆ. ಎಡಕ್ಕೆ ಅವರು ಪೂರ್ತಿ ಕಾಣಬೇಕು, ಬಲಕ್ಕೆ ಹೋದಂತೆ ಆ ದೃಶ್ಯ ತೆಳುವಾಗುತ್ತಾ ಮಾಯವಾಗಬೇಕು. ಅವರ ಕೈಯಿಂದ ಹಾರಿದ ಕಾಳು ಕರಗುವ ಹೊತ್ತಿಗೆ ಮಂಟಪದ ಅಕ್ಷತೆ ಮಗಳ ಮೇಲೆ ಸುರಿಯಬೇಕು. ಕರಗುವ ಪಟ್ಟಿ ಕಿರಿದಾದರೆ ಗೀಟು ಕಾಣುತ್ತದೆ, ಅಗಲವಾದರೆ ಹೆಂಡತಿಯ ಭುಜವೇ ಮಾಯ. ಎಳೆದೆ, ಅಳಿಸಿದೆ, ನನ್ನನ್ನೇ ಬೈದುಕೊಂಡೆ. ಕೊನೆಗೆ ಕೂತಿತು ನೋಡಿ! ಎರಡು ಬಟ್ಟೆ ಎಲ್ಲಿ ಸೇರಿವೆಯೆಂದು ನನಗೇ ಗೊತ್ತಾಗಲಿಲ್ಲ.

ಬೀಗರೂಟದ ದಿನ ಸ್ಕ್ರೀನಿನಲ್ಲಿ ಗಟ್ಟಿಮೇಳ ಮೊಳಗಿತು. ಅಲ್ಲಿ, ಮಂಟಪದಲ್ಲಿ, ಹೆಂಡತಿಯ ಪಕ್ಕದಲ್ಲಿ ಕೂತಿದ್ದ ಅಪ್ಪ ಕೈಯೆತ್ತಿ ಅಕ್ಷತೆ ಎರಚಿದರು.

"ಏನ್ ಗುರು, ಆಸ್ಪತ್ರೆಯಿಂದ ಓಡ್ಬಂದಿದ್ಯಾ?" ಎಂದು ಅವರ ಹಳೇ ಸಹೋದ್ಯೋಗಿ ಕೂಗಿದರು. ಇಡೀ ಹಾಲ್ ಚಪ್ಪಾಳೆ ತಟ್ಟಿತು. ನಾನು ಸ್ವಲ್ಪವೂ ನಾಚಿಕೆಯಿಲ್ಲದೆ ಬೀಗಿದೆ.

ಮದುಮಗಳು ಮಾತ್ರ ಸ್ಕ್ರೀನ್ ನೋಡುತ್ತಲೇ ಕೈಯೆತ್ತಿ, ಕಾಳು ಸಿಕ್ಕೀತೇನೋ ಎಂಬಂತೆ ತನ್ನ ಕೂದಲನ್ನು ತಡವಿಕೊಂಡಳು.

ಅಪ್ಪ ಅದನ್ನು ನೋಡಿದರು. ನನ್ನ ಕಡೆ ತಿರುಗಿ, "ಬಿತ್ತಮ್ಮ" ಎಂದರು.