ಸ್ಕ್ರೀನ್‌ಶಾಟ್ ಅಕ್ಕನಿಗೆ ಬೆಳಗಿನ ಫೋನೆಂದರೆ ದಿಗಿಲು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಶಾಲೆಯ ಗೇಟಿಗೆ ಹಾಕಿದ ಬೀಗ ಹಾಕಿದಂತೆಯೇ ಇದೆ. ಹೆಗಲಿಗೆ ಬ್ಯಾಗು ತಗುಲಿಸಿಕೊಂಡ ನಡುವಯಸ್ಸಿನ ಹೆಂಗಸೊಬ್ಬರಿಗೆ ಹೊರಗೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ವಾಚ್‌ಮನ್ ಕೀಲಿ ಹುಡುಕಿ ತರುವಷ್ಟರಲ್ಲಿ ಅದೆಷ್ಟು ಸಲ ಫೋನು ನೋಡಿಕೊಂಡರೋ! "ಬೇಗ ತೆಗೀರಣ್ಣ, ಮಕ್ಕಳು ಬರೋದ್ರೊಳಗೆ ನಿಮ್ಮ ಟೀಚರ್‌ಗಳ ಹತ್ರ ಮಾತಾಡ್ಬೇಕು," ಎನ್ನುವ ದನಿಯಲ್ಲೇ ಗಾಬರಿ ಇದೆ.

ಇವರ ಕೆಲಸಕ್ಕೆ ನೆಟ್ಟಗೆ ಒಂದು ಹೆಸರೂ ಇಲ್ಲ. ಮಕ್ಕಳು ಮಕ್ಕಳನ್ನೇ ಫೋನಿನಲ್ಲಿ ಗೋಳು ಹೊಯ್ದುಕೊಳ್ಳುತ್ತಾರಲ್ಲ, ಅದನ್ನು ಶಾಲೆಯವರು ಪತ್ತೆ ಹಚ್ಚುವುದು ಹೇಗೆ, ಆಮೇಲೆ ಮಾಡುವುದೇನು ಎಂದು ಶಾಲೆ ಶಾಲೆ ಸುತ್ತಿ ಹೇಳಿಕೊಡುತ್ತಾರೆ. "ಮೊದಲು ಸ್ಕ್ರೀನ್‌ಶಾಟ್, ಸಿಟ್ಟು ಆಮೇಲೆ" ಎಂದು, ಅಳಿಸಿಹೋಗುವ ಮುಂಚೆ ಸಾಕ್ಷಿ ಉಳಿಸಿಕೊಳ್ಳಿ ಎಂದು ಹೋದಲ್ಲೆಲ್ಲ ಬಡಕೊಳ್ಳುವುದರಿಂದ ಶಿಕ್ಷಕರ ಬಾಯಲ್ಲಿ ಇವರು ಸ್ಕ್ರೀನ್‌ಶಾಟ್ ಅಕ್ಕ. ಎದುರಿಗೇ ಹಾಗೆ ಕರೆಯುತ್ತಾರೆ, ಅಕ್ಕನೂ ಓಗೊಡುತ್ತಾರೆ.

ಇವತ್ತಿನ ಗಾಬರಿ ಎಂಟನೇ ತರಗತಿಯ ಹುಡುಗಿಯೊಬ್ಬಳದು. ಆಟದ ಪಿರಿಯಡ್‌ನಲ್ಲಿ ಅವಳು ಮುಗ್ಗರಿಸಿ ಬಿದ್ದದ್ದನ್ನು ತರಗತಿಯ ಕೆಲವು ಹುಡುಗರು ಫೋಟೋ ತೆಗೆದು, ಮುಖ ವಿಕಾರ ಮಾಡಿ, ಸ್ಟಿಕ್ಕರ್ ಮಾಡಿ ಫೋನಿನಲ್ಲಿ ಹಂಚಿದ್ದಾರೆ. ಸುದ್ದಿ ಕಿವಿಗೆ ಬಿದ್ದದ್ದೇ ಅವಳ ಕ್ಲಾಸ್ ಟೀಚರ್, ಗಣಿತದ ಮಿಸ್, ಕರುಳು ಚುರುಕ್ಕೆಂದು ಹಿಂದೆಮುಂದೆ ನೋಡದೆ ಪೋಷಕರ ಗ್ರೂಪಿನಲ್ಲಿ ಬರೆದೇಬಿಟ್ಟರು: ಈ ಹುಡುಗಿಯ ಫೋಟೋವನ್ನು ನಿಮ್ಮ ಮಕ್ಕಳು ಯಾರಿಗೂ ಕಳಿಸದಂತೆ ನೋಡಿಕೊಳ್ಳಿ. ಅದೂ ಹೆಸರು ಸಮೇತ! ಒಂದು ತರಗತಿಯಲ್ಲಿದ್ದ ಚಿತ್ರ ಈಗ ಮನೆಮನೆಯ ಮಾತು. ಯಾವ ಫೋಟೋ, ಎಲ್ಲಿ ತೋರಿಸು ಎಂದು ದೊಡ್ಡವರೇ ಕೇಳಿ ನೋಡುತ್ತಿದ್ದಾರೆ. ಹುಡುಗಿ ಅವತ್ತಿನಿಂದ ಶಾಲೆಯ ಕಡೆ ತಲೆ ಹಾಕಿಲ್ಲ. ಇವತ್ತು ಹೇಗಾದರೂ ಮಾಡಿ ಕರೆತರುತ್ತೇನೆಂದು ಅವಳ ಅಪ್ಪ ಹೇಳಿದ್ದಾರೆ. ಇವತ್ತೂ ಶಾಲೆ ಎಡವಿದರೆ ಅವಳು ಮತ್ತೆ ಈ ಕಡೆ ಬರುವುದಿಲ್ಲ ಎಂಬುದೇ ಅಕ್ಕನ ಭಯ.

ಟೀಚರ್‌ಗಳು ಒಬ್ಬೊಬ್ಬರಾಗಿ ಬಂದು ಸೇರುತ್ತಾರೆ. ಸ್ಟಾಫ್ ರೂಮಿನಲ್ಲಿ ಗಣಿತದ ಮಿಸ್ ಅತ್ತು ಅತ್ತು ಕಣ್ಣು ಕೆಂಪು ಮಾಡಿಕೊಂಡು ಕೂತಿದ್ದಾರೆ. ಹೆಡ್‌ಮಾಸ್ಟರ್ ಕೆಂಡವಾಗಿದ್ದಾರೆ. "ಪ್ರಾರ್ಥನೆ ಹೊತ್ತಲ್ಲೇ ಆ ಹುಡುಗರನ್ನ ಮುಂದೆ ನಿಲ್ಸಿ, ಅವಳ ಕೈಕುಲುಕಿ ಕ್ಷಮೆ ಕೇಳೋ ಹಾಗೆ ಮಾಡ್ತೀನಿ."

"ದಮ್ಮಯ್ಯ ಸಾರ್, ಬೇಡ. ಮಧ್ಯಾಹ್ನದೊಳಗೆ ಅದೂ ಒಂದು ಸ್ಟಿಕ್ಕರ್ ಆಗುತ್ತೆ," ಎನ್ನುತ್ತಾರೆ ಅಕ್ಕ. ಹೆಡ್‌ಮಾಸ್ಟರಿಗೂ ನಗು ತಡೆಯಲಾಗುವುದಿಲ್ಲ. "ಒಬ್ಬೊಬ್ಬರನ್ನೇ ಕರ್ಸಿ, ಮನೆಯವರನ್ನೂ ಕೂರ್ಸಿ ಮಾತಾಡಿ. ಅವರೂ ಮಕ್ಕಳೇ ಅಲ್ವಾ?" ಎಂದು ಸೇರಿಸುತ್ತಾರೆ ಅಕ್ಕ.

ಅಕ್ಕ ಪಾಠ ಮಾಡುವ ರೀತಿಯೇ ಬೇರೆ. ತಾವೇ ನೊಂದ ಮಗುವಾಗಿ ಬಾಗಿಲಲ್ಲಿ ನಿಂತು, ಬಾಯಿಗೆ ಬಂದ ಮೊದಲ ಮಾತು ಹೇಳಿ ಎಂದು ಶಿಕ್ಷಕರನ್ನು ಕೇಳುತ್ತಾರೆ. "ನಿಂಗೆ ಫೋನ್ ಕೊಡ್ಸಿದ್ಯಾರು?" ಎನ್ನುತ್ತಾರೆ ಒಬ್ಬರು. "ನೀನೇನು ಮಾಡಿದ್ದೆ ಅವರಿಗೆ?" ಎನ್ನುತ್ತಾರೆ ಮತ್ತೊಬ್ಬರು. ಅಕ್ಕ ತಿರುಗಿ ಹೊರಟೇಬಿಡುತ್ತಾರೆ. ಮಗುವೂ ಹೀಗೇ ಹೋಗುತ್ತದೆ ಎಂದು ಆಗ ಎಲ್ಲರಿಗೂ ಹೊಳೆಯುತ್ತದೆ. ಕಣ್ಣಿಗೆ ಬೀಳಬೇಕಾದದ್ದನ್ನೂ ಹೇಳುತ್ತಾರೆ: ಹಾಜರಿ ಕೂಗುವಾಗ ಯಾವ ಹೆಸರಿಗೆ ತರಗತಿ ಕಿಸಕ್ಕನೆ ನಗುತ್ತದೆ, ಊಟದ ಹೊತ್ತಿಗೆ ಯಾರು ಒಬ್ಬರೇ ಖಾಲಿ ಲ್ಯಾಬ್ ಹುಡುಕಿಕೊಂಡು ಹೋಗುತ್ತಾರೆ.

ಹಿಂದೆ ಇವರೇ ಒಂದು ಶಾಲೆಯಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದವರು. ಒಡಹುಟ್ಟಿದ ತಂಗಿಯ ಮಗಳು ಇಂಥದ್ದೇ ಕಾಟಕ್ಕೆ ಓದು ಬಿಟ್ಟಳು. "ಅವಳ ಶಾಲೇಲಿ ಹೋಗಿ ಕೇಳಿದ್ರೆ, ಫೋನಲ್ಲಿ ಆಗಿದ್ದಲ್ವಾ, ನಮಗೇನು ಸಂಬಂಧ ಅಂದ್ರು. ಕೆಟ್ಟೋರಲ್ಲ ಪಾಪ, ಏನು ಮಾಡ್ಬೇಕೋ ಗೊತ್ತಿರ್ಲಿಲ್ಲ. ಅವಳು ಈಗ್ಲೂ ಫೋನ್ ಸದ್ದಾದ್ರೆ ಬೆಚ್ಚಿಬೀಳ್ತಾಳೆ. ನನ್ನ ಕಥೆನೂ ಅಷ್ಟೇ ಬಿಡಿ, ಬೆಳಿಗ್ಗೆ ಫೋನ್ ಬಂದ್ರೆ ಎದೆ ಧಸಕ್ ಅನ್ನುತ್ತೆ."

ಆ ಸಂಕಟಕ್ಕೆ ಲ್ಯಾಬಿನ ಕೆಲಸ ಬಿಟ್ಟು ಈ ತಿರುಗಾಟಕ್ಕೆ ಬಿದ್ದರು. ಗಂಡ ತಮಾಷೆ ಮಾಡುತ್ತಾರೆ, ಊರ ಮಕ್ಕಳ ಚಿಂತೆಯಲ್ಲಿ ನಮ್ಮನೆ ಹಾಲು ದಿನಾ ಉಕ್ಕುತ್ತೆ ಎಂದು. ಕರೆಯುವ ಶಾಲೆಗಳಲ್ಲಿ ಅರ್ಧಕ್ಕರ್ಧ ಶಾಲೆಗಳು, ಕೆಲಸ ಕೆಟ್ಟ ಮೇಲೆಯೇ ಕರೆಯುತ್ತವೆ. ಮುಂಚೆಯೇ ಕರೆಯಬಾರದಿತ್ತೇ ಎಂದು ಅಕ್ಕ ಒಳಗೊಳಗೇ ಕುದಿಯುತ್ತಾರೆ.

ಗೇಟಿನ ಹತ್ತಿರ ಸ್ಕೂಟರ್ ನಿಂತ ಸದ್ದು. ಅಪ್ಪನ ಹಿಂದಿನಿಂದ ಹುಡುಗಿ ಇಳಿಯುತ್ತಾಳೆ, ಇಳಿದವಳು ಅಲ್ಲೇ ನಿಲ್ಲುತ್ತಾಳೆ. ಅಕ್ಕ ಸ್ಟಾಫ್ ರೂಮಿನ ಕಿಟಕಿ ಬಿಟ್ಟು ಕದಲುವುದಿಲ್ಲ. ಅಂತೂ ಅವಳು ಒಳಗೆ ಬಂದು ಕುರ್ಚಿಯ ಅಂಚಿನಲ್ಲಿ ಕೂತಾಗ ಗಣಿತದ ಮಿಸ್ ತಡೆಯಲಾರದೆ ಹೇಳುತ್ತಾರೆ: "ನಿನ್ನ ಹೆಸರು ಹಾಕಿದ್ದು ನನ್ನ ತಪ್ಪು ಪುಟ್ಟಾ. ನಿನ್ನನ್ನ ಒಂದು ಮಾತು ಕೇಳ್ಬೇಕಿತ್ತು."

ಹುಡುಗಿ ತಲೆ ಎತ್ತುವುದಿಲ್ಲ. ಈಗ ಎದ್ದು ಹೋಗುತ್ತಾಳೆ, ಈಗ ಹೋಗುತ್ತಾಳೆ ಎಂದು ಅಕ್ಕ ಬಾಗಿಲ ಕಡೆಗೇ ನೋಡುತ್ತಾರೆ.

"ಮಿಸ್," ಎನ್ನುತ್ತಾಳೆ ಕೊನೆಗೆ. "ಏಳನೇ ಕ್ಲಾಸಲ್ಲಿ ಒಬ್ಬಳಿಗೆ ನನಗಿಂತ ಜಾಸ್ತಿ ಕಾಟ ಕೊಡ್ತಿದಾರೆ. ಅವಳು ಯಾರಿಗೂ ಹೇಳಿಲ್ಲ. ನಾನು ಕರ್ಕೊಂಡು ಬರ್ಲಾ?"

ಗಣಿತದ ಮಿಸ್ ಅಕ್ಕನ ಮುಖ ನೋಡುತ್ತಾರೆ. ಅಕ್ಕನ ಕಣ್ಣಲ್ಲಿ ನೀರಾಡುತ್ತಿದೆ.

"ಇನ್ನೊಂದು ಕುರ್ಚಿ ಹಾಕಿ ಮಿಸ್," ಎನ್ನುತ್ತಾರೆ.